ನಲ್ಲಿ ನೀರಿಗೆ ಬ್ಲೀಚಿಂಗ್ ವಾಸನೆ ಬಂದರೆ ಹೆದರಬೇಕಾ? ನೀರು ಪರೀಕ್ಷೆಯ ಲ್ಯಾಬ್‌ನವರನ್ನು ಕೇಳಿ

ಪ್ರಶ್ನೆ: ಸರ್, ಮೊದಲ ಮಳೆ ಬಿದ್ದ ವಾರದಲ್ಲೇ ನಮ್ಮೂರಲ್ಲಿ ಹತ್ತು ಹನ್ನೆರಡು ಜನಕ್ಕೆ ವಾಂತಿ ಭೇದಿ ಆಯಿತು. ಆರೋಗ್ಯ ಇಲಾಖೆಯವರು ಬಂದರು. ಟ್ಯಾಂಕ್ ನೋಡುತ್ತಾರೆ ಅಂದುಕೊಂಡಿದ್ದೆವು. ಅವರು ನೇರ ನಮ್ಮ ಬೀದಿಯ ಕೊನೇ ಮನೆಗೆ ಬಂದು, ಚಿಕ್ಕ ಸೀಸೆಗೆ ನೀರು ಹಿಡಿದು, ಎರಡು ಹನಿ ಔಷಧ ಬಿಟ್ಟು ಬಣ್ಣ ನೋಡಿದರು. ನೀರು ಕಣ್ಣಿಗೆ ತಿಳಿಯಾಗೇ ಇತ್ತು. ಈಗ ದಿನಾ ಬ್ಲೀಚಿಂಗ್ ವಾಸನೆ, ಮಕ್ಕಳು ಬಾಯಿಗೇ ಇಡಲ್ಲ. ಸ್ವಲ್ಪ ಕಡಿಮೆ ಹಾಕಿ ಅಂತ ನೀರಗಂಟಿಗೆ ಹೇಳಬಹುದಾ?

ಉತ್ತರ: ದಯವಿಟ್ಟು ಹೇಳಬೇಡಿ ಮೇಡಂ. ಅವರು ಕೊನೇ ಮನೆಗೆ ಯಾಕೆ ಬಂದರು ಅನ್ನೋದರಲ್ಲೇ ಇಡೀ ವಿಷಯ ಇದೆ.

ನಮ್ಮ ಹಳ್ಳಿಗಳಲ್ಲಿ ನೀರು ದಿನಕ್ಕೆ ಒಂದೆರಡು ಗಂಟೆ ಬರುತ್ತದೆ, ಆಮೇಲೆ ನಿಲ್ಲುತ್ತದೆ. ನೀರು ತುಂಬಿ ಹರಿಯುವಾಗ ಪೈಪಿನಲ್ಲಿ ಬಿರುಕಿದ್ದರೆ ನೀರು ಹೊರಗೆ ಸೋರುತ್ತದೆ, ಅಷ್ಟೇ. ನಿಂತ ಮೇಲೆ ಪೈಪ್ ಖಾಲಿಯಾಗುತ್ತದೆ. ಆಗ ಹೊರಗಿನ ನೀರು ಅದೇ ಬಿರುಕಿನಿಂದ ಒಳಗೆ ಬರುತ್ತದೆ. ಎಷ್ಟೋ ಕಡೆ ಪೈಪ್ ಹೋಗಿರುವುದು ಚರಂಡಿಯ ಪಕ್ಕದಲ್ಲೇ. ಮೊದಲ ಮಳೆಗೆ ಚರಂಡಿ ತುಂಬಿತು ಅಂದರೆ ಕಾಯಿಲೆ ಶುರು. ಟ್ಯಾಂಕ್‌ನಲ್ಲಿ ಚೆನ್ನಾಗಿದ್ದ ನೀರು ದಾರಿಯಲ್ಲಿ ಕೆಡುತ್ತದೆ.

ಟ್ಯಾಂಕ್‌ಗೆ ಹಾಕಿದ ಬ್ಲೀಚಿಂಗ್ ಪೌಡರ್‌ನಲ್ಲಿರುವ ಕ್ಲೋರಿನ್ ದಾರಿಯುದ್ದಕ್ಕೂ ಕೊಳೆ, ರೋಗಾಣುಗಳ ಜೊತೆ ಹೋರಾಡುತ್ತಾ ಖರ್ಚಾಗುತ್ತಾ ಬರುತ್ತದೆ. ಕೊನೇ ನಲ್ಲಿಯಲ್ಲೂ ಇನ್ನೂ ಸ್ವಲ್ಪ ಉಳಿದಿದೆ ಅಂದರೆ ದಾರಿಯಲ್ಲಿ ಸೋತಿಲ್ಲ ಅಂತ ಅರ್ಥ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ, ಐಎಸ್ 10500, ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು ಅನ್ನುತ್ತದೆ. ಆ ಹನಿ ಔಷಧಕ್ಕೆ ಹಳದಿ ಬಂದರೆ ಕ್ಲೋರಿನ್ ಇದೆ. ಬಣ್ಣವೇ ಬರಲಿಲ್ಲ ಅಂದರೆ ನೀರಿಗೆ ಕಾವಲಿಲ್ಲ. ತಿಳಿಯಾಗಿ ಕಂಡಿತು ಅನ್ನೋದನ್ನು ನಂಬಬೇಡಿ, ರೋಗಾಣು ಕಣ್ಣಿಗೆ ಕಾಣಲ್ಲ.

ವಾಸನೆಗೆ ದಾರಿ ಇದೆ. ತೊಳೆದ ಅಗಲ ಬಾಯಿಯ ಪಾತ್ರೆಗೆ ನೀರು ಹಿಡಿದು, ತೆಳು ಬಟ್ಟೆ ಮುಚ್ಚಿ ಕೆಲವು ಗಂಟೆ ಬಿಡಿ. ವಾಸನೆ ಜಾಸ್ತಿ ಉಳಿಯಲ್ಲ.

ಪ್ರಶ್ನೆ: ನಮ್ಮ ಕಡೆ ಲ್ಯಾಬ್‌ಗೆ ಅಂತ ಒಂದು ಬಾಟಲಿಯಲ್ಲೂ ನೀರು ತಗೊಂಡು ಹೋದರು. ನಾನು ಬಾಟಲಿ ತೊಳೆದು ಕೊಡ್ತೀನಿ ಅಂದರೆ ಬೇಡವೇ ಬೇಡ ಅಂದರು. ಯಾಕೆ ಸರ್?

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕೆ ತುಂಬಾ ಸಂತೋಷ ಆಯಿತು. ಆ ಬಾಟಲಿಯೊಳಗೆ ಸೋಡಿಯಂ ಥಯೋಸಲ್ಫೇಟ್ ಅನ್ನೋ ರಾಸಾಯನಿಕ ಚೂರು ಹಾಕಿರುತ್ತಾರೆ. ನೀರು ತುಂಬಿದ ತಕ್ಷಣ ಅದು ಕ್ಲೋರಿನ್ನಿನ ಕೆಲಸ ನಿಲ್ಲಿಸುತ್ತದೆ. ಇಲ್ಲದಿದ್ದರೆ ಬಾಟಲಿ ನಮ್ಮ ಹತ್ತಿರ ಬರೋವರೆಗೂ ಕ್ಲೋರಿನ್ ರೋಗಾಣು ಕೊಲ್ಲುತ್ತಲೇ ಇರುತ್ತದೆ. ನಾವು ನೋಡುವ ಹೊತ್ತಿಗೆ ಏನೂ ಸಿಗಲ್ಲ. ನೀವು ಕುಡಿದದ್ದು ಕೆಟ್ಟ ನೀರು, ರಿಪೋರ್ಟ್ ಮಾತ್ರ ಚೆನ್ನಾಗಿದೆ ಅಂತ ಬರುತ್ತದೆ. ಒಂದು ಸಲ ಒಂದು ಊರಿಂದ ಬಂದ ನಾಲ್ಕು ಬಾಟಲಿಯಲ್ಲೂ ಏನೂ ಸಿಗಲಿಲ್ಲ, ಊರಲ್ಲಿ ಜನ ಕಾಯಿಲೆ ಬಿದ್ದು ಮಲಗಿದ್ದರು. ಯಾರೋ ಒಳ್ಳೆ ಮನಸ್ಸಿಂದ ಬಾಟಲಿಗಳನ್ನು ತೊಳೆದಿದ್ದರು. ನಾನೂ ಕೇಳಿರಲಿಲ್ಲ. ಆ ತಪ್ಪು ಇವತ್ತಿಗೂ ಮನಸ್ಸಲ್ಲಿದೆ. ಅಂದಿನಿಂದ ಪ್ರತಿ ಸಲ ಕೇಳುತ್ತೇನೆ.

ನಾವು ಮುಖ್ಯವಾಗಿ ಹುಡುಕುವುದು ಇ. ಕೊಲೈ. ಅದು ಮನುಷ್ಯರ, ಪ್ರಾಣಿಗಳ ಕರುಳಲ್ಲಿರುವ ಜೀವಿ. ನೀರಲ್ಲಿ ಸಿಕ್ಕಿತು ಅಂದರೆ ಮಲ ಸೇರಿದೆ ಅಂತಲೇ ಲೆಕ್ಕ. 100 ಮಿಲಿಲೀಟರ್ ನೀರಲ್ಲಿ ಒಂದೂ ಇರಬಾರದು. ಅದನ್ನು ಬೆಳೆಸಿ ನೋಡೋಕೆ ಒಂದೆರಡು ದಿನ ಬೇಕು. ಅಷ್ಟರಲ್ಲಿ ಊರು ನೀರು ಕುಡಿದಿರುತ್ತದೆ, ಅಲ್ವಾ? ಅದಕ್ಕೇ ಬಾಗಿಲಲ್ಲೇ ಮಾಡುವ ಆ ಹಳದಿ ಬಣ್ಣದ ಪರೀಕ್ಷೆಗೆ ನಾನು ಇಷ್ಟು ಬೆಲೆ ಕೊಡೋದು. ಜೊತೆಗೆ, ಯಾವ ಊರಲ್ಲಿ ಎಷ್ಟು ಜನಕ್ಕೆ ಭೇದಿ ಅನ್ನೋ ಲೆಕ್ಕ ಆಸ್ಪತ್ರೆಗಳಿಂದ ಜಿಲ್ಲೆಗೆ ಹೋಗುತ್ತದೆ. ದೇಶದಲ್ಲಿ ಈ ವ್ಯವಸ್ಥೆ 2004ರಲ್ಲಿ ಶುರುವಾಯಿತು. ಒಂದೇ ಬೀದಿಯಲ್ಲಿ ನಾಲ್ಕು ಜನಕ್ಕೆ ಆದರೆ ಆಶಾ ಕಾರ್ಯಕರ್ತೆಗೆ ಅವತ್ತೇ ಹೇಳಿ.

ಪ್ರಶ್ನೆ: ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತೇವೆ. ನಮಗೆ ಇದೆಲ್ಲ ಬೇಡ ಅಲ್ವಾ?

ಉತ್ತರ: ನಿಮ್ಮೂರ ಬೋರ್‌ವೆಲ್‌ನಲ್ಲಿ ಫ್ಲೋರೈಡ್ ಜಾಸ್ತಿ ಇದ್ದರೆ ಆ ಘಟಕ ಬೇಕೇ ಬೇಕು. ಕುದಿಸಿದರೆ ಫ್ಲೋರೈಡ್ ಹೋಗಲ್ಲ. ಆದರೆ ಆ ನೀರಲ್ಲಿ ಕ್ಲೋರಿನ್ ಇರಲ್ಲ. ಕ್ಯಾನ್ ಕೊಳಕಾಗಿದ್ದರೆ, ಮನೇಲಿ ಲೋಟ ಅದ್ದಿ ತೆಗೆದರೆ, ಮತ್ತೆ ಕೆಡುತ್ತದೆ. ಕ್ಯಾನ್ ಒಳಗೆ ಕೈ ಹಾಕಿ ಉಜ್ಜಿ ತೊಳೆಯಿರಿ.

ಪ್ರಶ್ನೆ: ಮಗನನ್ನು ಬೇಸಿಗೆಯಲ್ಲಿ ಈಜು ಕಲಿಯೋಕೆ ಸೇರಿಸಿದ್ದೇನೆ. ಕೊಳದ ಹತ್ತಿರ ಹೋದರೆ ಮೂಗಿಗೆ ಹೊಡೆಯುತ್ತದೆ, ಅವನ ಕಣ್ಣು ಕೆಂಪಾಗುತ್ತದೆ. ಕ್ಲೋರಿನ್ ಜಾಸ್ತಿ ಹಾಕ್ತಾರಾ?

ಉತ್ತರ: ಸಾಮಾನ್ಯವಾಗಿ ಉಲ್ಟಾ. ಬೆವರು, ಮೂತ್ರ ಸೇರಿ ಕ್ಲೋರಿನ್ ಬೇರೆ ರೂಪಕ್ಕೆ ತಿರುಗಿದಾಗ ಆ ಘಾಟು ಬರುತ್ತದೆ, ಕಣ್ಣು ಉರಿಯುವುದೂ ಅದರಿಂದಲೇ. ಕೆಲಸ ಮಾಡುವ ಕ್ಲೋರಿನ್ ಆಗ ಕಡಿಮೆ ಇರಬಹುದು. ಇವತ್ತು ಕ್ಲೋರಿನ್ ಎಷ್ಟಿದೆ, ಪಿಎಚ್ (ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಅನ್ನೋ ಅಳತೆ) ಎಷ್ಟಿದೆ ಅಂತ ಕೇಳಿ. ಕ್ಲೋರಿನ್ ಲೀಟರಿಗೆ 1 ಮಿಲಿಗ್ರಾಂಗಿಂತ ಕೆಳಗಿರಬಾರದು, ಪಿಎಚ್ 7.2ರಿಂದ 7.8ರ ಒಳಗಿರಬೇಕು. ಬರೆದಿಟ್ಟ ಪುಸ್ತಕ ತೋರಿಸದಿದ್ದರೆ ಮಗನನ್ನು ಇಳಿಸಬೇಡಿ. ಅವನಿಗೆ ಭೇದಿ ಆಗುತ್ತಿದ್ದರೆ ನೀವೂ ಕಳಿಸಬೇಡಿ. ಕ್ರಿಪ್ಟೋಸ್ಪೊರಿಡಿಯಂ ಅನ್ನೋ ಪರಾವಲಂಬಿ ಸರಿಯಾಗಿ ಕ್ಲೋರಿನ್ ಹಾಕಿದ ಕೊಳದಲ್ಲೂ ಒಂದು ವಾರಕ್ಕಿಂತ ಜಾಸ್ತಿ ಬದುಕುತ್ತದೆ. ಭೇದಿ ಇರುವವರು ಕೊಳಕ್ಕೆ ಇಳಿಯದಿರುವುದೇ ಅದಕ್ಕೆ ಇರುವ ತಡೆ.

ಪ್ರಶ್ನೆ: ಸರ್, ನಾನೇ ನೀರಗಂಟಿ. 50,000 ಲೀಟರ್ ಟ್ಯಾಂಕ್. ಒಂದು ಮುಷ್ಟಿ ಬ್ಲೀಚಿಂಗ್ ಪೌಡರ್ ಹಾಕ್ತೀನಿ. ಸಾಕಾ?

ಉತ್ತರ: ಅಣ್ಣ, ಊರಿನ ಆರೋಗ್ಯ ನಿಮ್ಮ ಕೈಯಲ್ಲೇ ಇದೆ, ಮುಷ್ಟಿ ಲೆಕ್ಕ ಬೇಡ. ಒಳ್ಳೆ ಪೌಡರ್ ಆದರೆ ಸಾವಿರ ಲೀಟರಿಗೆ 2.5 ಗ್ರಾಂ. ನಿಮ್ಮ ಟ್ಯಾಂಕ್‌ಗೆ 125 ಗ್ರಾಂ. ಒಂದು ಸಲ ಅಂಗಡಿಯಲ್ಲಿ ತೂಗಿಸಿ, ಅಷ್ಟೇ ಹಿಡಿಯುವ ಡಬ್ಬಿ ಇಟ್ಟುಕೊಳ್ಳಿ. ಬಕೆಟ್‌ನಲ್ಲಿ ಸ್ವಲ್ಪ ನೀರು ಹಾಕಿ ಮೊದಲು ಹಿಟ್ಟಿನ ಹಾಗೆ ಕಲಸಿ, ಆಮೇಲೆ ನೀರು ತುಂಬಿ ಕಲಕಿ. ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ಮಾತ್ರ ಟ್ಯಾಂಕ್‌ಗೆ ಬಿಡಿ. ಒಂದು ಗಂಟೆ ಕಾದು ನೀರು ಬಿಡಿ. ಮೂಟೆಯ ಬಾಯಿ ತೆರೆದಿಟ್ಟ ಪೌಡರ್ ಶಕ್ತಿ ಕಳೆದುಕೊಂಡಿರುತ್ತದೆ, ಬಿಸಿಲು, ತೇವ ತಾಗದ ಹಾಗೆ ಮುಚ್ಚಿಡಿ. ಪಂಚಾಯಿತಿಯಲ್ಲಿ ಹನಿ ಔಷಧದ ಕಿಟ್ ಕೇಳಿ ಇಸ್ಕೊಳ್ಳಿ. ನೀರು ಬಿಟ್ಟ ಮೇಲೆ ಕೊನೇ ಮನೆಗೆ ಹೋಗಿ ನೋಡಿ. ಹಳದಿ ಬರದಿದ್ದರೆ ನಾಳೆ ಸ್ವಲ್ಪ ಹೆಚ್ಚಿಸಿ, ಆ ಸಾಲಿನಲ್ಲಿ ಎಲ್ಲಿ ಸೋರುತ್ತಿದೆ ಅಂತಲೂ ಹುಡುಕಿ. ಬಣ್ಣ ಏನು ಬಂತು ಅಂತ ಇಲ್ಲೇ ಬರೆಯಿರಿ, ಕಾಯುತ್ತಿರುತ್ತೇನೆ.