ಕ್ಲಬ್ ಕೊಳ್ಳಲು ಬಂದವನನ್ನು ಒಪ್ಪಬೇಕೋ ಬೇಡವೋ? ಬಲ್ಲವರು ಹೇಳಿ

ನಿಟ್ಟುವಳ್ಳಿ: ದಾವಣಗೆರೆಯ ನಾವು ಆರೇಳು ಜನ ಬೆಂಬಲಿಸೋ ಇಂಗ್ಲೆಂಡಿನ ಎರಡನೇ ದರ್ಜೆ ಫುಟ್‌ಬಾಲ್ ಕ್ಲಬ್ಬನ್ನು ಕೊಳ್ಳೋಕೆ ಒಬ್ಬರು ಬಂದಿದ್ದಾರೆ. ಅಭಿಮಾನಿಗಳ ಸಂಘವಾದ ಸಪೋರ್ಟರ್ಸ್ ಟ್ರಸ್ಟ್ ಸದಸ್ಯರ ಮತ ಕೇಳಿದೆ. ಏನೇನು ನೋಡಬೇಕು?

ಜೋಗಿಮಟ್ಟಿ: ಮೈದಾನ ಯಾರ ಹೆಸರಲ್ಲಿದೆ ಅನ್ನೋದು ಮೊದಲು. ಡರ್ಬಿ ಕೌಂಟಿ ಕ್ಲಬ್ಬಿನ ಮೈದಾನ ಪ್ರೈಡ್ ಪಾರ್ಕನ್ನು 2018ರಲ್ಲಿ ಮಾಲೀಕರ ಬೇರೆ ಕಂಪನಿಗೆ 8 ಕೋಟಿ ಪೌಂಡಿಗೂ ಮೇಲಿನ ಬೆಲೆಗೆ ಮಾರಿ, ಲಾಭ ತೋರಿಸಿದರು. ಲೆಕ್ಕ ಒಂದು ವರ್ಷ ಚೆಂದ ಕಂಡಿತು, ಆಸ್ತಿ ಕೈಬಿಟ್ಟಿತು. 2021ರ ಸೆಪ್ಟೆಂಬರಲ್ಲಿ ದಿವಾಳಿ ಆಡಳಿತ, 12 ಅಂಕ ಕಡಿತ. ನವೆಂಬರಲ್ಲಿ ಲೆಕ್ಕದ ತಪ್ಪಿಗೆ ಮತ್ತೆ 9. ಒಟ್ಟು 21 ಅಂಕ ಹೋದ ಮೇಲೆ ಯಾವ ಕೋಚ್ ಬಂದು ಏನು ಮಾಡ್ತಾನೆ? ಮೂರನೇ ದರ್ಜೆಗೆ ಬಿದ್ದರು. ಬ್ರಿಟನ್ನಿನ ಕಂಪನಿ ನೋಂದಣಿ ಕಚೇರಿ ಕಂಪನೀಸ್ ಹೌಸ್‌ನ ಜಾಲತಾಣದಲ್ಲಿ ಕ್ಲಬ್ಬಿನ ಹೆಸರು ಹಾಕಿ 'ಚಾರ್ಜಸ್' ಪುಟ ತೆಗೀರಿ. ಯಾವ ಆಸ್ತಿ, ಯಾರ ಹತ್ತಿರ, ಯಾವ ತಾರೀಖಿಂದ ಅಡ ಇದೆ ಅಂತ ಪುಕ್ಕಟೆ ಸಿಗುತ್ತೆ. ಮಿಲ್ಲು ಮುಚ್ಚಿದ ಮೇಲೆ ಜಾಗದ ಬೆಲೆ ಏನು ಅಂತ ದಾವಣಗೆರೆಯವರಿಗೆ ಹೇಳಿಕೊಡಬೇಕಿಲ್ಲ.

ಕೆ.ಟಿ.ಜೆ. ನಗರ: ಮೈದಾನ ಆಮೇಲೆ ರೀ, ದುಡ್ಡಿನ ಪುರಾವೆ ಮೊದಲು. ಬರಿ (Bury) ಅನ್ನೋ ಊರಿನ ಕ್ಲಬ್ಬನ್ನು 2018ರ ಡಿಸೆಂಬರಲ್ಲಿ ಒಂದೇ ಪೌಂಡಿಗೆ ಮಾರಿದರು. ನಡೆಸೋಕೆ ದುಡ್ಡಿದೆ ಅಂತ ಪುರಾವೆ ಪೂರ್ತಿ ಕೈಗೆ ಬರೋದರೊಳಗೆ ಮಾಲೀಕತ್ವ ಬದಲಾಗಿತ್ತು. ಆ ಸೀಸನ್ನಲ್ಲೇ ತಂಡ ಮೇಲಿನ ದರ್ಜೆಗೆ ಏರಿತು, ಆಟಗಾರರಿಗೆ ಸಂಬಳ ಇಲ್ಲ! 2019ರ ಆಗಸ್ಟ್ 27ಕ್ಕೆ ಲೀಗಿಂದಲೇ ಹೊರಗೆ. 1885ರ ಕ್ಲಬ್ ಅದು. ಕೊಳ್ಳೋ ಬೆಲೆ ಎಷ್ಟು ಅಂತ ಯಾಕೆ ಕೇಳ್ತೀರಿ? ಮುಂದಿನ ಎರಡು ವರ್ಷದ ಸಂಬಳದ ದುಡ್ಡು ಯಾವ ಬ್ಯಾಂಕಲ್ಲಿದೆ, ಅದು ಸ್ವಂತದ್ದೋ ಸಾಲದ್ದೋ, ಅಷ್ಟು ಕೇಳಿ.

ಬಾಡಾ ಕ್ರಾಸ್: ಸಾಲ ಅಂದಕೂಡಲೇ ಮ್ಯಾಂಚೆಸ್ಟರ್ ಯುನೈಟೆಡ್ ಹೇಳಲೇಬೇಕು. 2005ರಲ್ಲಿ ಸುಮಾರು 79 ಕೋಟಿ ಪೌಂಡಿನ ಖರೀದಿ, ಅರ್ಧಕ್ಕಿಂತ ಹೆಚ್ಚು ಸಾಲ. ಅದರಲ್ಲಿ ದೊಡ್ಡ ಭಾಗ ಬಿದ್ದದ್ದು ಸಾಲವೇ ಇಲ್ಲದ ಕ್ಲಬ್ಬಿನ ತಲೆ ಮೇಲೆ. ಕೊಂಡವನ ಸಾಲಕ್ಕೆ ಟಿಕೆಟ್ ತಗೊಂಡವನು ಬಡ್ಡಿ ಕಟ್ಟೋದು ಯಾವ ನ್ಯಾಯ?

ಕೆ.ಟಿ.ಜೆ. ನಗರ: ಯುನೈಟೆಡ್‌ಗೆ ಟಿವಿ ದುಡ್ಡಿದೆ, ತಡಕೊಂಡಿತು. ಎರಡನೇ ದರ್ಜೆ ಕ್ಲಬ್ಬಿಗೂ ಅದಕ್ಕೂ ಹೋಲಿಕೆ ಮಾಡ್ತೀರಲ್ಲ, ಅವರು ಕೇಳಿದ್ದನ್ನು ಓದಿದ್ದೀರಾ?

ಪಿ.ಜೆ. ಬಡಾವಣೆ: ಬ್ಲ್ಯಾಕ್‌ಬರ್ನ್ ತಗೊಳ್ಳಿ. 2010ರ ನವೆಂಬರಲ್ಲಿ ಪುಣೆಯ ಕೋಳಿ ಕಂಪನಿ ವೆಂಕೀಸ್‌ನವರು ಕೊಂಡರು, ಡಿಸೆಂಬರಲ್ಲೇ ಮ್ಯಾನೇಜರ್ ಔಟ್, 2012ಕ್ಕೆ ಪ್ರೀಮಿಯರ್ ಲೀಗಿಂದ ಕೆಳಗೆ, 2017ಕ್ಕೆ ಇನ್ನೂ ಕೆಳಗೆ. ಆಟದ ಗಂಧ ಇಲ್ಲದವರ ಕೈಗೆ ಕ್ಲಬ್ ಕೊಡಬಾರದು.

ಜೋಗಿಮಟ್ಟಿ: ವರ್ಷಾ ವರ್ಷ ನಷ್ಟ ತುಂಬಿದ್ದೂ ಅವರೇ ಅಣ್ಣ, ಅದನ್ನೂ ಬರೀರಿ. ಇಲ್ಲಿಂದ ದುಡ್ಡು ಕಳಿಸೋಕೆ ದೆಹಲಿ ಹೈಕೋರ್ಟಿನ ಅನುಮತಿ ಬೇಕಾದಾಗ ಅಲ್ಲಿ ಖರ್ಚಿಗೆ ಕತ್ತರಿ ಬಿತ್ತು. ಹಾಗಾಗಿ ಮಾಲೀಕನ ದುಡ್ಡು ಯಾವ ದೇಶದ್ದು, ಆ ದೇಶ ಅದನ್ನು ತಡೆಹಿಡಿಯಬಹುದಾ, ಇದನ್ನೂ ಪಟ್ಟಿಗೆ ಸೇರಿಸಿ.

ಪಿ.ಜೆ. ಬಡಾವಣೆ: ನಮ್ಮ ದೇಶದವರು ಅಂತ ವಕಾಲತ್ತು ಬೇಡ.

ಜೋಗಿಮಟ್ಟಿ: ವಕಾಲತ್ತಲ್ಲ, ಲೆಕ್ಕ. ಓದೋಕೆ ತಾಳ್ಮೆ ಇದ್ದರೆ ಓದಿ.

ಹೊಂಡದ ಸರ್ಕಲ್: ಇಬ್ಬರೂ ಸುಮ್ಮನಿರಿ. ಪೋರ್ಟ್ಸ್‌ಮತ್ ಎರಡು ಸಲ ದಿವಾಳಿ ಎದ್ದು, 2013ರಲ್ಲಿ ಅಭಿಮಾನಿಗಳೇ ತಲಾ 1,000 ಪೌಂಡ್ ಹಾಕಿ ಉಳಿಸಿಕೊಂಡರು. ಶ್ರೀಮಂತನೇ ಬೇಕಾಗಿಲ್ಲ.

ಬಾಡಾ ಕ್ರಾಸ್: 2017ರಲ್ಲಿ ಅವರೇ ಮತ ಹಾಕಿ ಡಿಸ್ನಿಯ ಮಾಜಿ ಮುಖ್ಯಸ್ಥ ಮೈಕೆಲ್ ಐಸ್ನರ್ ಕಂಪನಿಗೆ ಮಾರಿದರಲ್ಲ, ಅದನ್ನು ಯಾಕೆ ನುಂಗಿದಿರಿ? ಮೈದಾನದ ರಿಪೇರಿಗೇ ದೊಡ್ಡ ದುಡ್ಡು ಬೇಕಿತ್ತು.

ಹೊಂಡದ ಸರ್ಕಲ್: ಮಾರಿದ್ದು ಸಾಲ ತೀರಿಸಿ, ತಲೆ ಎತ್ತಿಕೊಂಡು. ವ್ಯತ್ಯಾಸ ತಿಳೀರಿ. ನಿಟ್ಟುವಳ್ಳಿಯವರೇ, ಮತಕ್ಕೆ ಮುಂಚೆ ಬಣ್ಣ, ಲಾಂಛನ, ಮೈದಾನ ಬದಲಿಸೋಕೆ ಟ್ರಸ್ಟಿನ ಒಪ್ಪಿಗೆ ಕಡ್ಡಾಯ ಅಂತ ಬರವಣಿಗೆಯಲ್ಲಿ ತಗೊಳ್ಳಿ. ಕಾರ್ಡಿಫ್ ಕ್ಲಬ್ಬಿನ ನೀಲಿ ಅಂಗಿಯನ್ನು 2012ರಲ್ಲಿ ಮಾಲೀಕರು ಕೆಂಪು ಮಾಡಿದರು, ವಾಪಸ್ ನೀಲಿ ಆಗೋಕೆ 2015 ಬರಬೇಕಾಯ್ತು.

ಕೆ.ಟಿ.ಜೆ. ನಗರ: ಸಂಬಳಕ್ಕೇ ದುಡ್ಡಿಲ್ಲದಾಗ ಅಂಗಿ ಬಣ್ಣದ ಮಾತು!

ಹೊಂಡದ ಸರ್ಕಲ್: ಬಣ್ಣ ಬಿಟ್ಟುಕೊಟ್ಟವರು ನಾಳೆ ಮೈದಾನವನ್ನೂ ಬಿಟ್ಟುಕೊಡ್ತಾರೆ.