ಚಾಂಡ್ಲರ್‌ಗೆ ಹೊರಟಿದ್ದೇವೆ: ಯಾವ ತಿಂಗಳು ಒಳ್ಳೆಯದು, ನೋಡೋಕೆ ಏನಿದೆ?

ಪ್ರಶ್ನೆ (ಮೈಸೂರು)

ಮಗಳು-ಅಳಿಯ ಅಮೆರಿಕದ ಅರಿಝೋನಾ ರಾಜ್ಯದ ಚಾಂಡ್ಲರ್‌ನಲ್ಲಿ ಮನೆ ಮಾಡಿದ್ದಾರೆ. ನಾವಿಬ್ಬರೂ ಮೊದಲ ಸಲ ಹೊರಟಿದ್ದೇವೆ. ಜೂನ್‌ನಲ್ಲಿ ಮೊಮ್ಮಗನಿಗೆ ರಜೆ, ಆಗಲೇ ಬನ್ನಿ ಅನ್ನುತ್ತಿದ್ದಾರೆ. ಮರುಭೂಮಿ ಅಂತಾರಲ್ಲ, ಅಲ್ಲಿ ನೋಡೋದಕ್ಕೆ ಏನಾದರೂ ಇದೆಯಾ? ನಮ್ಮ ಯಜಮಾನರಿಗೆ ದಿನಾ ವಾಕಿಂಗ್ ಆಗಲೇಬೇಕು. ಕಾರಿಲ್ಲದೆ ಓಡಾಡಬಹುದಾ? ಅಲ್ಲಿರುವವರು, ಹೋಗಿ ಬಂದವರು ದಯವಿಟ್ಟು ತಿಳಿಸಿ.

ಚಾಂಡ್ಲರ್ ನಿವಾಸಿ

ಅಮ್ಮಾ, ಜೂನ್ ಬೇಡ. ರಜೆಯ ಆಸೆಗೆ ಒಪ್ಪಿಕೊಂಡರೆ ಮನೆಯೊಳಗೆ ಎ.ಸಿ. ಹಾಕಿಕೊಂಡು ಟಿ.ವಿ. ನೋಡುತ್ತಾ ಕೂರಬೇಕಾಗುತ್ತದೆ. ಜೂನ್, ಜುಲೈನಲ್ಲಿ 41-42 ಡಿಗ್ರಿ ಮಾಮೂಲು. 2023ರಲ್ಲಿ ಪಕ್ಕದ ಫೀನಿಕ್ಸ್‌ನಲ್ಲಿ ಸತತ 31 ದಿನ 43 ಡಿಗ್ರಿ ದಾಟಿತ್ತು. ಆ ದಿನಗಳಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೂ ಬಿಸಿನೀರೇ ಬರುತ್ತದೆ.

ಅಕ್ಟೋಬರ್ ಕೊನೆಯಿಂದ ಏಪ್ರಿಲ್ ಮಧ್ಯದವರೆಗೆ ಯಾವಾಗ ಬೇಕಾದರೂ ಬನ್ನಿ. ಡಿಸೆಂಬರ್, ಜನವರಿಯ ಬೆಳಗ್ಗೆ ಸ್ವೆಟರ್ ಬೇಕು, ಮಧ್ಯಾಹ್ನ ಬೇಡ. ನನ್ನನ್ನು ಕೇಳಿದರೆ ಮಾರ್ಚ್. ಕಿತ್ತಳೆ, ನಿಂಬೆ ಗಿಡಗಳು ಹೂ ಬಿಡುವ ಕಾಲ, ಕೆಲವು ಬೀದಿಗಳಲ್ಲಿ ನಡೆದರೆ ಸಾಕು, ಪರಿಮಳ. ಆದರೆ ಆಗಲೇ ಹೋಟೆಲ್ ಬಾಡಿಗೆ ಜಾಸ್ತಿ. ಬೇಸ್‌ಬಾಲ್ ತಂಡಗಳು ಅಭ್ಯಾಸಕ್ಕೆ ಈ ಕಡೆ ಬರುತ್ತವೆ, ಚಳಿ ರಾಜ್ಯಗಳ ಹಿರಿಯರೂ ಇಲ್ಲೇ ಬಂದು ಬಿಡಾರ ಹೂಡಿರುತ್ತಾರೆ. ಮಗಳ ಮನೆಯಲ್ಲೇ ಇರುವ ನಿಮಗೆ ಅದರ ಬಿಸಿ ತಟ್ಟುವುದಿಲ್ಲ ಬಿಡಿ.

ಊರಿನ ಬಗ್ಗೆ ಒಂದು ಮಾತು. 1980ರಲ್ಲಿ ಇಲ್ಲಿದ್ದವರು ಹೆಚ್ಚುಕಡಿಮೆ 30 ಸಾವಿರ ಜನ. 2020ರ ಜನಗಣತಿಯಲ್ಲಿ 2.75 ಲಕ್ಷ ದಾಟಿದ್ದಾರೆ. ಕಂಪ್ಯೂಟರ್ ಚಿಪ್ ಮಾಡುವ ಇಂಟೆಲ್ ಕಾರ್ಖಾನೆ ಬಂದದ್ದು ಇದಕ್ಕೆ ದೊಡ್ಡ ಕಾರಣ. ನಮ್ಮವರು ಇಷ್ಟೊಂದು ಜನ ಇಲ್ಲಿ ಸೇರಿದ್ದಕ್ಕೂ ಆ ಚಿಪ್ ಕೆಲಸವೇ ಮುಖ್ಯ ಕಾರಣ. ಹಾಗಾಗಿ ಹಳೇ ಪೇಟೆ, ರಥಬೀದಿ ತರಹದ್ದು ಹುಡುಕಬೇಡಿ. ಒಂದೇ ಬಣ್ಣದ ಮನೆಗಳು, ಹುಲ್ಲಿನ ಬದಲು ಜಲ್ಲಿಕಲ್ಲು ಹಾಸಿದ ಅಂಗಳ, ಅಗಲ ರಸ್ತೆ, ಅಷ್ಟೇ.

ರಾಯಚೂರಿನವರು, ಮಗನ ಮನೆಗೆ ಹೋಗಿ ಬಂದವರು

ಮೇಲಿನವರು ಹೇಳಿದ್ದು ನಿಜ. "ನಮಗೆ ರಾಯಚೂರು ಬಿಸಿಲು ಗೊತ್ತು, ಇದೇನು ಮಹಾ" ಅಂತ ನಾವೂ ಅಂದುಕೊಂಡಿದ್ದೆವು. ಅಲ್ಲಿಯದು ಪೂರಾ ಒಣ ಬಿಸಿಲು. ಬೆವರು ಮೈಮೇಲೆ ನಿಲ್ಲದೆ ಆರಿಹೋಗುತ್ತದೆ, ದೇಹದ ನೀರು ಖಾಲಿಯಾಗುವುದೇ ತಿಳಿಯುವುದಿಲ್ಲ. ಬಾಯಾರಿಕೆ ಆಗದಿದ್ದರೂ ಕುಡಿಯುತ್ತಿರಬೇಕು.

ಕಾರಿಲ್ಲದೆ ಕಷ್ಟ ಮೇಡಂ. ಊರನ್ನು ಮೈಲಿಗೊಂದು ದೊಡ್ಡ ರಸ್ತೆಯಂತೆ ಚೌಕ ಚೌಕ ಮಾಡಿದ್ದಾರೆ. ಮೂಲೆಯಲ್ಲಿ ಅಂಗಡಿ, ನಡುವೆ ಬರೀ ಮನೆ. ನಕ್ಷೆಯಲ್ಲಿ "ಇಲ್ಲೇ ಪಕ್ಕದಲ್ಲಿ" ಅನ್ನಿಸಿದ್ದು ನಡೆದರೆ ಅರ್ಧ ಗಂಟೆ, ದಾರಿಯಲ್ಲಿ ನೆರಳಿಲ್ಲ. ಫೀನಿಕ್ಸ್‌ನ ಲೈಟ್ ರೈಲು ಚಾಂಡ್ಲರ್‌ವರೆಗೆ ಬರುವುದಿಲ್ಲ. ಬಸ್ಸಿದೆ, ನೆಚ್ಚಿಕೊಳ್ಳುವಷ್ಟಲ್ಲ.

ಆದರೆ ಡ್ರೈವರ್ ಇಲ್ಲದ ಟ್ಯಾಕ್ಸಿ ಇದೆ! ವೇಮೋ ಅಂತ. ಜನ ದುಡ್ಡು ಕೊಟ್ಟು ಇದರಲ್ಲಿ ಓಡಾಡಲು ಶುರುಮಾಡಿದ್ದೇ 2018ರಲ್ಲಿ, ಈ ಚಾಂಡ್ಲರ್ ಸುತ್ತಮುತ್ತ. ಮಗಳ ಕೈಲಿ ಮೊಬೈಲಿಗೆ ಆ್ಯಪ್ ಹಾಕಿಸಿಕೊಳ್ಳಿ. ಸ್ಟೀರಿಂಗ್ ತಾನೇ ತಿರುಗುವುದನ್ನು ನೋಡಿ ನಮ್ಮ ಮನೆಯವರು ಸಾಯಿಬಾಬನ ಸ್ಮರಣೆ ಶುರುಮಾಡಿದ್ದರು. ಸಿಗ್ನಲ್ ದಾಟಿದ ಮೇಲೆ ಸರಿಹೋದರು.

ವಾಕಿಂಗ್‌ಗೆ ಕಾಲುವೆ ದಂಡೆ ಹಿಡಿಯಿರಿ. ಗಾಡಿ ಕಾಟವಿಲ್ಲ, ಸಮತಟ್ಟು, ಹಿರಿಯರ ಮಂಡಿಗೂ ಹಿತ.

ನೀರಾವರಿ ಇಲಾಖೆಯಲ್ಲಿದ್ದವರು, ಈಗ ನಿವೃತ್ತ

ಕಾಲುವೆ ಅಂದದ್ದಕ್ಕೆ ಬರೆಯುತ್ತಿದ್ದೇನೆ. ಚಾಂಡ್ಲರ್‌ನಲ್ಲಿ ನೋಡುವಂಥದ್ದು ನೀರೇ ಅನ್ನುವವನು ನಾನು. ವರ್ಷಕ್ಕೆ 200 ಮಿಲಿಮೀಟರ್ ಮಳೆ ಬಂದರೆ ಹೆಚ್ಚು. ಹೀಗಿರುವ ಕಡೆ ಲಕ್ಷಗಟ್ಟಲೆ ಜನ ಹೇಗಿದ್ದಾರೆ?

ಈ ಕಣಿವೆಯಲ್ಲಿ ನೂರಾರು ವರ್ಷಗಳ ಹಿಂದೆಯೇ ಹೊಹೊಕಮ್ ಎಂಬ ಮೂಲನಿವಾಸಿ ಜನ ಕೈಯಿಂದ ಕಾಲುವೆ ತೋಡಿ ಮೆಕ್ಕೆಜೋಳ, ಹತ್ತಿ ಬೆಳೆದಿದ್ದರು. ಈಗಿನ ಕೆಲವು ಕಾಲುವೆಗಳು ಅದೇ ಜಾಡಿನಲ್ಲಿವೆ. ಊರಿಗೆ ಹೆಸರು ಕೊಟ್ಟ ಎ.ಜೆ. ಚಾಂಡ್ಲರ್ ಒಬ್ಬ ಪಶುವೈದ್ಯ. ಕಾಲುವೆ ತೆಗೆಸಿ, ಸಾವಿರಾರು ಎಕರೆ ಜಮೀನು ಮಾಡಿ, 1912ರಲ್ಲಿ ಅದನ್ನು ತುಂಡು ಮಾಡಿ ಮಾರಿದರು. ಊರು ಹುಟ್ಟಿದ್ದು ಹಾಗೆ. ಮರುವರ್ಷ ಅವರು ತೆರೆದ ಸ್ಯಾನ್ ಮಾರ್ಕೋಸ್ ಹೋಟೆಲ್ ಡೌನ್‌ಟೌನ್‌ನಲ್ಲಿ ಇನ್ನೂ ಇದೆ. ಅದರ ಎದುರಿನ ಚೌಕದಲ್ಲಿ ಸಂಜೆ ಅಡ್ಡಾಡಬಹುದು.

ಈಗ ಸಾಲ್ಟ್, ವರ್ಡೆ ನದಿಗಳ ನೀರು ಬರುತ್ತದೆ. ದೂರದ ಕೊಲರಾಡೋ ನದಿಯದ್ದು 500 ಕಿಲೋಮೀಟರಿಗೂ ಉದ್ದದ ಕಾಲುವೆಯಲ್ಲಿ, ಪಂಪಿನಿಂದ ಎತ್ತಿಸಿಕೊಂಡು ಬರುತ್ತದೆ. ಬಳಸಿದ ನೀರನ್ನೂ ಶುದ್ಧಮಾಡಿ ಪಾರ್ಕಿಗೆ, ಗಾಲ್ಫ್ ಮೈದಾನಕ್ಕೆ ಬಿಡುತ್ತಾರೆ, ಉಳಿದದ್ದನ್ನು ಇಂಗಿಸುತ್ತಾರೆ. ಇಂಗಿಸುವ ಆ ಹೊಂಡಗಳೇ ವೆಟರನ್ಸ್ ಓಯಸಿಸ್ ಪಾರ್ಕಿನಲ್ಲಿ ಹಕ್ಕಿಗಳ ತಾಣವಾಗಿವೆ. ಪಕ್ಕದ ಗಿಲ್ಬರ್ಟ್‌ನ ರಿಪೇರಿಯನ್ ಪ್ರಿಸರ್ವ್ ಇನ್ನೂ ಚೆನ್ನ. ಕೊಕ್ಕರೆ, ಬಾತು ಎಲ್ಲ ಕೈಗೆಟುಕುವಷ್ಟು ಹತ್ತಿರ. ಸೂರ್ಯ ಹುಟ್ಟುವ ಹೊತ್ತಿಗೆ ಹೋಗಿ. ದುಡ್ಡು ಕೊಟ್ಟು ನೋಡುವ ಎಷ್ಟೋ ಜಾಗಕ್ಕಿಂತ ಇದು ಮೇಲು ಅನ್ನುತ್ತೇನೆ.

ದಕ್ಷಿಣಕ್ಕೆ ಹೋದರೆ ಕೂಲಿಡ್ಜ್ ಊರಿನಲ್ಲಿ ಕಾಸಾ ಗ್ರಾಂಡೆ ಇದೆ. ಅದೇ ಹೊಹೊಕಮ್ ಜನ ಮಣ್ಣಿನಲ್ಲಿ ಕಟ್ಟಿದ ನಾಲ್ಕಂತಸ್ತಿನ ಮನೆ. ಅಮೆರಿಕ ಸರ್ಕಾರ 1892ರಲ್ಲೇ ಅದನ್ನು ರಕ್ಷಣೆಗೆ ತೆಗೆದುಕೊಂಡಿತು. ಕಾಲುವೆ ಕಥೆ ಗೊತ್ತಿದ್ದು ನೋಡಿದರೆ ರುಚಿ ಬೇರೆ.

ಟೆಂಪಿ, ಗೃಹಿಣಿ

ಆಂಟೀ, ಕಾಲುವೆ ಒಳ್ಳೇದೇ, ಆದರೆ ಕಳ್ಳಿ ಗಿಡ ಮರೀಬೇಡಿ! ಸಗುವಾರೋ ಅನ್ನೋ ಎತ್ತರದ ಕಳ್ಳಿಗೆ ಮೊದಲ ಕೈ ಮೂಡಲು 50-70 ವರ್ಷ ಬೇಕು. ಫೀನಿಕ್ಸ್‌ನ ಡೆಸರ್ಟ್ ಬೊಟಾನಿಕಲ್ ಗಾರ್ಡನ್‌ನಲ್ಲಿ ಹಾದಿ ಹಿಡಿದು ನಿಧಾನಕ್ಕೆ ನೋಡಬಹುದು. ಚೋಯಾ ಅನ್ನೋ ಮುಳ್ಳಿನ ಕಳ್ಳಿ ಹತ್ತಿರ ಮಾತ್ರ ಹೋಗಬೇಡಿ, ಸುಮ್ನೆ ತಗುಲಿದರೂ ತುಂಡು ಕಿತ್ತು ಬಟ್ಟೆಗೆ ಅಂಟುತ್ತೆ. ತೆಗೆಯೋದಕ್ಕೆ ಬಾಚಣಿಗೆ ಬೇಕು.

ಗಣಪತಿ ದೇವಸ್ಥಾನ ಮಾರಿಕೋಪಾದಲ್ಲಿದೆ, ಚಾಂಡ್ಲರ್‌ನಿಂದ ಕಾರಲ್ಲಿ ಹೆಚ್ಚು ದೂರವಿಲ್ಲ. ಸೋನಾ ಮಸೂರಿ, ಹುಣಸೆಹಣ್ಣು, ಕರಿಬೇವು ಎಲ್ಲ ಇಂಡಿಯನ್ ಅಂಗಡಿಯಲ್ಲಿ ಸಿಗುತ್ತೆ. ಸೂಟ್‌ಕೇಸ್ ತುಂಬಾ ಬೇಳೆ ಹೊತ್ತು ತರಬೇಡಿ. ನಿಮ್ಮ ಕೈಯ ಸಾರಿನಪುಡಿ, ಚಟ್ನಿಪುಡಿ ತಂದರೆ ಸಾಕು.

ಫೀನಿಕ್ಸ್, ಔಷಧಿ ಅಂಗಡಿಯಲ್ಲಿ ಕೆಲಸ

ಹಿರಿಯರು ಬರುತ್ತಿದ್ದಾರೆ, ಆದ್ದರಿಂದ ಎರಡು ವಿಷಯ. ಇಲ್ಲಿಯ ಮಣ್ಣಿನಲ್ಲಿ ಒಂದು ಶಿಲೀಂಧ್ರವಿದೆ, ಧೂಳಿನ ಜೊತೆ ಒಳಗೆ ಹೋದರೆ ವ್ಯಾಲಿ ಫೀವರ್ ಬರಬಹುದು. ಬಹಳಷ್ಟು ಜನಕ್ಕೆ ಏನೂ ಆಗುವುದಿಲ್ಲ. ಸಕ್ಕರೆ ಕಾಯಿಲೆ ಇದ್ದವರು ಧೂಳಿನ ಗಾಳಿ ಎದ್ದಾಗ ಮನೆಯೊಳಗೆ ಇರುವುದು ಒಳ್ಳೆಯದು. ವಾಪಸ್ ಬಂದ ಮೇಲೆ ವಾರಗಟ್ಟಲೆ ಕೆಮ್ಮು, ಜ್ವರ, ಸುಸ್ತು ಬಿಡದಿದ್ದರೆ "ಅರಿಝೋನಾಕ್ಕೆ ಹೋಗಿದ್ದೆ" ಅಂತ ಮೈಸೂರಿನ ಡಾಕ್ಟರಿಗೆ ಹೇಳಿ. ಹೇಳದಿದ್ದರೆ ಅವರಿಗೆ ಹೊಳೆಯುವುದು ಕಷ್ಟ.

ಇನ್ನೊಂದು, ಚೇಳು. ರಾತ್ರಿ ನೇರಳಾತೀತ (ಯು.ವಿ.) ಬೆಳಕಿನ ಟಾರ್ಚ್ ಬಿಟ್ಟರೆ ಹಸಿರಾಗಿ ಹೊಳೆಯುತ್ತದೆ. ಮೊಮ್ಮಗ ಖುಷಿಯಿಂದ ತೋರಿಸುತ್ತಾನೆ, ನೋಡಿ. ಬೆಳಗ್ಗೆ ಚಪ್ಪಲಿ, ಶೂ ಕೊಡವಿ ಹಾಕಿಕೊಳ್ಳಿ. ಪ್ರಯಾಣ ವಿಮೆ ಇಲ್ಲದೆ ವಿಮಾನ ಹತ್ತಬೇಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆ. ಜೂನ್ ಬಿಟ್ಟೆವು, ಮಾರ್ಚ್ ಅಂತ ಮಗಳಿಗೆ ಹೇಳಿದ್ದೇನೆ. ಆಗಲೇ ಗ್ರ್ಯಾಂಡ್ ಕ್ಯಾನ್ಯನ್ ಕೂಡ ನೋಡಬಹುದಾ? ಊರಲ್ಲಿ ನಮ್ಮ ಅತ್ತೆಗೆ ದಿನಾ ಫೋನ್ ಮಾಡಬೇಕು, ಸಮಯದ ಲೆಕ್ಕ ಹೇಗೆ?

ಚಾಂಡ್ಲರ್ ನಿವಾಸಿ

ಧಾರಾಳವಾಗಿ ನೋಡಿ. ದಕ್ಷಿಣದ ಅಂಚಿಗೆ ಕಾರಲ್ಲಿ ಸುಮಾರು ನಾಲ್ಕು ಗಂಟೆ. ಆದರೆ ಅದು 2,100 ಮೀಟರ್ ಎತ್ತರದಲ್ಲಿದೆ, ಮಾರ್ಚ್‌ನಲ್ಲೂ ಹಿಮ ಇರಬಹುದು. ಚಾಂಡ್ಲರ್ ಬಿಸಿಲು ನಂಬಿ ಬರೀ ಹತ್ತಿ ಸೀರೆಯಲ್ಲಿ ಹೊರಡಬೇಡಿ. ಒಂದೇ ದಿನಕ್ಕೆ ಹೋಗಿ ಬರಬೇಡಿ, ರಾತ್ರಿ ಅಲ್ಲೇ ಉಳಿಯಿರಿ.

ಫೋನಿನ ಲೆಕ್ಕ ಸುಲಭ. ಬೇರೆ ರಾಜ್ಯಗಳ ಹಾಗೆ ಇಲ್ಲಿ ಬೇಸಿಗೆಗೆ ಗಡಿಯಾರ ಮುಂದೆ ಇಡುವುದಿಲ್ಲ, ವರ್ಷಪೂರ್ತಿ ಹನ್ನೆರಡೂವರೆ ಗಂಟೆ ವ್ಯತ್ಯಾಸ. ಇಲ್ಲಿ ಸಂಜೆ ಏಳಾದರೆ ಅತ್ತೆಯವರಿಗೆ ಮಾರನೇ ದಿನ ಬೆಳಗ್ಗೆ ಏಳೂವರೆ, ಕಾಫಿ ಹೊತ್ತು. ಆಗ ಮಾಡಿ.