ಅಪ್‌ಡೇಟ್: ಎಡಿನ್‌ಬರೋದ ಹಳೆಯ ಬಾಡಿಗೆ ಮನೆ, ಚಳಿಗಾಳಿ

ಮನೆಗೆ ಹಾನಿಯಾಗಿ ಮುಂಗಡಕ್ಕೆ ಕತ್ತರಿ ಬೀಳದಂತೆ ಚಳಿಗಾಳಿ ತಡೆಯುವುದು ಹೇಗೆಂದು ಇಲ್ಲಿ ಹಿಂದೆ ಕೇಳಿದ್ದೆ. ಗಾಳಿ ಎಲ್ಲಿ ನುಸುಳುತ್ತದೆಂದು ತಿಳಿಯಲು ಊದುಬತ್ತಿ ಹಚ್ಚಿ ಹೊಗೆ ಎತ್ತ ವಾಲುತ್ತದೆಂದು ನೋಡಿ ಎಂದವರಿಗೆ ವಿಶೇಷ ಧನ್ಯವಾದ. ಕಿಟಕಿಗಿಂತ ದೊಡ್ಡ ಕಳ್ಳ ಬಳಕೆಯಲ್ಲಿಲ್ಲದ ಅಗ್ಗಿಷ್ಟಿಕೆ! ಬೆಚ್ಚಗಿನ ಗಾಳಿ ಅದರ ಚಿಮಣಿಯಿಂದ ಮೇಲೇರುತ್ತಿತ್ತು, ಆ ಜಾಗಕ್ಕೆ ಬಾಗಿಲಡಿಯಿಂದ ತಣ್ಣನೆಯದು ನುಗ್ಗುತ್ತಿತ್ತು. ಚಿಮಣಿಗೆ ಉಣ್ಣೆಯ ಬಿರಡೆ ತುರುಕಿದ್ದೇನೆ (ಮುಂದೆ ಯಾರಾದರೂ ಬೆಂಕಿ ಹಾಕಿಯಾರೆಂದು ಎಚ್ಚರಿಕೆಯ ಚೀಟಿಯನ್ನೂ ಅಂಟಿಸಿದ್ದೇನೆ). ಮೇಲೆ ಕೆಳಗೆ ಜಾರುವ ಕಿಟಕಿಗಳ ಸಂದಿಗೆ ಫೋಮ್ ಪಟ್ಟಿ, ಬಾಗಿಲಡಿಗೆ ಹಳೆಯ ಕಂಬಳಿಯ ಸುರುಳಿ. ಕಿಟಕಿಯ ಒಂದೇ ಪದರದ ಗಾಜಿನಿಂದ ಇಳಿಯುವ ಚಳಿಗೆ ದಪ್ಪ ಪರದೆಯಷ್ಟೇ ಗತಿ. ಅಡುಗೆಮನೆಯ ಗಾಳಿಕಿಂಡಿಯನ್ನು ಮಾತ್ರ ಮುಟ್ಟಿಲ್ಲ. ಆವಿ ಹೊರಹೋಗದಿದ್ದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಫೋಮ್ ಪಟ್ಟಿಯ ಖರ್ಚು ಕೊಡುವುದಾಗಿ ಮನೆ ಮಾಲೀಕರು ಹೇಳಿದ್ದಾರೆ, ಹಣ ಇನ್ನೂ ಬಂದಿಲ್ಲ.